ಹೆಜ್ಜೇನು ಇದೆ, ಮೆಲ್ಲಗೆ

ಮಧುಗಿರಿ ಬೆಟ್ಟದ ಬುಡದಲ್ಲಿ ಕಡಲೆಕಾಯಿ ಬೇಯಿಸುತ್ತಿದ್ದ ಮುದುಕ
ಮೇಲೆ ನೋಡಿ, ನಮ್ಮ ಮಕ್ಕಳನ್ನು ನೋಡಿ, ಒಂದೇ ಮಾತು ಹೇಳಿದ:
"ದಿಡ್ಡಿ ಬಾಗಿಲು ದಾಟಿದ್ ಮ್ಯಾಲೆ ಬಂಡೆಗೆ ಹೆಜ್ಜೇನು ಕಟ್ಟೈತೆ.
ಕೂಗಾಡಬ್ಯಾಡಿ."

ಕೂಗಾಡದೆ ಇರುವುದು ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ.
ಓಬಳೇಶ ಹದಿನಾಲ್ಕು ವರ್ಷದಿಂದ ಪಾವಗಡದ ಪ್ರೈವೇಟ್ ಬಸ್ಸಿನ ಕಂಡಕ್ಟರು;
ಉಪ್ಪು ಕೇಳಿದರೂ ಹಿಂದಿನ ಸೀಟಿಗೆ ಮುಟ್ಟುವಂತೆ ಕೇಳುತ್ತಾನೆ.
ನನಗೋ, ಗಾರ್ಮೆಂಟ್ಸಿನ ಎಂಬತ್ತು ಮಿಷನ್ನುಗಳ ನಡುವೆ
ಬಾಬಿನ್ ಕೇಳಿ ಕೇಳಿ ಗಂಟಲೇ ಎಂಬತ್ತೊಂದನೆಯದು.
ಇಂಚರ ಹುಟ್ಟಿದ್ದು ಹೆರಿಗೆ ವಾರ್ಡಿಗೆಲ್ಲ ಗೊತ್ತಾಗಿತ್ತು.
ತೇಜುವಿಗೆ ನಾಲ್ಕು ವರ್ಷ. ಅವನಿಗೆ ಮಾತು ಕಡಿಮೆ ಎಂದುಕೊಂಡಿದ್ದೆ.
ನಾವು ಮೂವರೂ ಮುಗಿಸಲಿ ಎಂದು ಕಾದು ಕಾದು
ಹೇಳಬೇಕಾದ್ದನ್ನೇ ಮರೆಯುತ್ತಾನೆಂದು ಹೊಳೆದಿರಲಿಲ್ಲ.

ಕಲ್ಲಿಗೆ ಕೊರೆದ ಮೆಟ್ಟಿಲು ಯಾವನೋ ಸಿಪಾಯಿಯ ಕಾಲಳತೆಯದು.
ತೇಜುವಿಗೆ ಒಂದೊಂದೂ ಒಂದೊಂದು ಜಗಲಿ:
ಹೊಟ್ಟೆ ಊರಿ, ಮಂಡಿ ಎಳೆದು, ಎದ್ದು ನಿಂತು,
ತನ್ನ ಕಾಲನ್ನು ತಾನೇ ಒಮ್ಮೆ ಮೆಚ್ಚಿ ನೋಡಿ, ಮುಂದಿನದಕ್ಕೆ.
ಇಂಚರ ಎಣಿಸುತ್ತ ಹೋದಳು; ನೂರ ಹನ್ನೆರಡರಲ್ಲಿ
ಓತಿಕೇತವೊಂದು ತಲೆ ಕುಣಿಸಿ ಲೆಕ್ಕ ತಪ್ಪಿಸಿತು.
ನನ್ನ ಬ್ಯಾಗಿನಲ್ಲಿ ಚಿತ್ರಾನ್ನ, ಎರಡು ಸೌತೆಕಾಯಿ, ಒಂದು ಒಣ ಚಡ್ಡಿ,
ನಾಲ್ಕು ಬಾಟಲು ನೀರು, ತೇಜು ಆರಿಸಿ ಕೊಟ್ಟ ಕಲ್ಲುಗಳು.
ಬೆಟ್ಟ ಹತ್ತುತ್ತ ಬೆಟ್ಟವನ್ನೇ ಹೊರುತ್ತಿದ್ದೆ, ಚೂರು ಚೂರಾಗಿ.

ದಿಡ್ಡಿ ಬಾಗಿಲ ಒಳಗೆ ತಂಪು, ಬಾವಲಿಯ ವಾಸನೆ.
ಆಚೆ ಬಂದರೆ ಬರೀ ಬಂಡೆ, ಬರೀ ಆಕಾಶ,
ಎಡಗಡೆ ಕಲ್ಲಿನ ಹೊಟ್ಟೆಗೆ ಜೋತ ಐದು ಕರಿ ಹಲ್ಲೆಗಳು.
ನೋಡುತ್ತಿದ್ದಂತೆ ಒಂದರ ಮೈಮೇಲೆ ಅಲೆಯೊಂದು ಓಡಿತು,
ನೊಣ ಕೂತಾಗ ಎಮ್ಮೆಯ ಚರ್ಮ ಅದುರುವ ಹಾಗೆ.

ಓಬಳೇಶ ಬಾಯಿ ತೆರೆದ. ಮುಚ್ಚಿದ.
ನಾಲ್ಕೂ ತಲೆ ತಾಗುವಂತೆ ನಮ್ಮನ್ನು ಹತ್ತಿರ ಕರೆದು
ಪಿಸುಗುಟ್ಟಿದ: "ರೈಟ್. ಮುಂದೆ ಹೋಗ್ಲಿ."
ಮದುವೆಯಾಗಿ ಒಂಬತ್ತು ವರ್ಷ, ಆ ದನಿ ನಾನು ಕೇಳಿರಲಿಲ್ಲ.
ಎಣ್ಣೆ ಕಾಣದ ಕೀಲಿನ ಹಾಗೆ ಒರಟು.
ಇನ್ನೊಂದು ಸಲ ಹೇಳಲಿ ಅನ್ನಿಸಿತು.

ಪಿಸುಗುಡುತ್ತ ಹತ್ತಿದೆವು.
ಕಂಬಿ ಹಿಡಿ. ಆ ಕಡೆ ಬಗ್ಗಬೇಡ. ಅಮ್ಮಾ ಉಚ್ಚೆ. ಈಗಲಾ? ಈಗಲೇ.
ಪಿಸುಮಾತಿಗೆ ಕಿವಿ ಕೊಡಬೇಕು, ಕಿವಿ ಕೊಡಲು ಬಗ್ಗಬೇಕು,
ಬಗ್ಗಿದರೆ ಮಗುವಿನ ಕತ್ತಿನ ಬೆವರು, ಬೆಳಗ್ಗೆ ಹಚ್ಚಿದ ಕೊಬ್ಬರಿ ಎಣ್ಣೆ.

ಯಾರ ದನಿಯೂ ತನ್ನದಕ್ಕಿಂತ ದೊಡ್ಡದಲ್ಲದ ಆ ಜಾಗದಲ್ಲಿ
ತೇಜು ಶುರು ಮಾಡಿದ.
ಅಂಗನವಾಡಿ ಗೋಡೆಯ ಹುಲಿಗೆ ಒಂದೇ ಕಣ್ಣಂತೆ.
ಪಕ್ಕ ಕೂರುವ ಹುಡುಗನಿಗೆ ಮೊಟ್ಟೆಯ ಹಳದಿ ಸೇರದಂತೆ,
ಇವನ ತಟ್ಟೆಗೆ ದಾಟಿಸುತ್ತಾನಂತೆ, ಟೀಚರಿಗೆ ಹೇಳಬಾರದಂತೆ.
ರಾತ್ರಿ ಅಪ್ಪ ಬರುವ ತನಕ ತಾನು ನಿದ್ದೆ ಮಾಡುವುದಿಲ್ಲವಂತೆ,
ಕಣ್ಣು ಮುಚ್ಚಿರುತ್ತಾನಂತೆ ಅಷ್ಟೆ.
"ಚೀಲ್ದಾಗೆ ಚಿಲ್ರೆ ಸದ್ದಾಗ್ತದಲ್ಲ, ಆಮೇಲೆ ಮಲಗ್ತೀನಿ."
ಓಬಳೇಶ ಕಂಬಿ ಹಿಡಿದು ಆ ಕಡೆ ತಿರುಗಿದ.
ದೂರದಲ್ಲಿ ಒಂದು ಕೆರೆ ಇತ್ತು, ನೋಡುವ ನೆಪಕ್ಕೆ.

ತುದಿಗೆ ಹೋಗಲಿಲ್ಲ. ಬಂಡೆ ಕಾದಿತ್ತು,
ಇಂಚರಳ ಚಪ್ಪಲಿಯ ಉಂಗುಷ್ಠ ಕಿತ್ತಿತ್ತು.
ಅಲ್ಲೇ ಕೂತು ಚಿತ್ರಾನ್ನ ತಿಂದೆವು;
ಕಡಲೆಬೀಜ ಅಗಿದದ್ದೂ ಅಲ್ಲಿ ಸದ್ದೇ.

"ಏನಂತು ಜೇನು?" ಅಂದ ಕೆಳಗೆ ಮುದುಕ.
ಇಂಚರ ತಡೆದಿಟ್ಟದ್ದನ್ನೆಲ್ಲ ಒಂದೇ ಕಿರುಚಿಗೆ ಬಿಟ್ಟಳು, ಕೋತಿಗಳು ಗೋಡೆ ಹಾರಿದವು.
ಬಸ್‌ಸ್ಟ್ಯಾಂಡ್ ಬರುವಷ್ಟರಲ್ಲಿ ನಾವು ಮತ್ತೆ ನಾವೇ,
ಕಿಟಕಿ ಸೀಟಿಗೆ ಜಗಳ, ಗೋಲಿಸೋಡಕ್ಕೆ ಜಗಳ.

ಕಲ್ಲುಗಳು ಟಿವಿಯ ಪಕ್ಕ ಕೂತಿವೆ.

ಸೋಮವಾರ ರಾತ್ರಿ ಹತ್ತೂವರೆಗೆ ಬಾಗಿಲು ತೆರೆಯಿತು.
ಓಬಳೇಶ ಚೀಲವನ್ನು ಎಂದಿನಂತೆ ಮೊಳೆಗೆ ಹಾಕಲಿಲ್ಲ.
ಚಾಪೆಯ ತನಕ ತಂದು, ಮಗನ ಕಿವಿಯ ಹತ್ತಿರ
ಒಮ್ಮೆ ಅಲ್ಲಾಡಿಸಿದ,
ಮೆಲ್ಲಗೆ.